ಮುದ್ದೆಯೊಳಗೆ ಕಟ್ಟಿದ ದನಿ

ಅಕ್ಕನ ಕಣ್ಣು ಹೋದದ್ದು ಒಂದು ಬೆಳಿಗ್ಗೆ. ಓದಲು ಚೆನ್ನಾಗಿರುತ್ತದೆ ಎಂದು ಮೊದಲು ಹೀಗೇ ಬರೆದಿದ್ದೆ: ಎದ್ದಳು, ಗೋಡೆಯ ಮೇಲಿನ ಕ್ಯಾಲೆಂಡರ್ ಕಾಣಲಿಲ್ಲ. ಅದು ಸುಳ್ಳು. ಸಕ್ಕರೆ ಕಾಯಿಲೆ ನಿಧಾನವಾಗಿ, ಸದ್ದಿಲ್ಲದೆ ಮಾಡಿದ ಕೆಲಸ ಅದು. ಮೊದಲು ಬಸ್ಸಿನ ಬೋರ್ಡು ಹೋಯಿತು, ಆಮೇಲೆ ಅಕ್ಕಿಯಲ್ಲಿನ ಕಲ್ಲು, ಆಮೇಲೆ ಎದುರಿಗಿದ್ದವರ ಮುಖ. ಕೊನೆಗೆ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು.

ಇದನ್ನು ಬರೆಯುವಾಗ ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ. ಬರೆದಷ್ಟನ್ನು ಅವಳ ಫೋನಿಗೆ ಕಳಿಸುತ್ತೇನೆ, ಫೋನು ಓದಿ ಹೇಳುತ್ತದೆ. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ, ಅವಳಂತೂ ನಂಬುವುದೇ ಇಲ್ಲ. ಅವಳು ತಕರಾರು ತೆಗೆದ ಕಡೆ ನನ್ನ ಸಾಲನ್ನು ತಿದ್ದಿ ನಯ ಮಾಡುವ ಬದಲು ಅವಳ ಮಾತನ್ನೇ ಹಾಗೇ ಇಡುವುದೆಂದು ಒಪ್ಪಂದ. ಮೊದಲ ತಕರಾರು ಆಗಲೇ ಬಂದಿದೆ.

ಅಕ್ಕ: "ಅಕ್ಕಿ ಕಲ್ಲು ನಾನು ಈಗ್ಲೂ ಆರಿಸ್ತೀನಿ ಕಣೇ, ಬೆರಳಲ್ಲಿ. ಹೋಯ್ತು ಅಂತ ಯಾಕೆ ಬರೆದೆ?"

ಸರಿ. ಅಕ್ಕಿಯಲ್ಲಿನ ಕಲ್ಲು ಹೋಗಲಿಲ್ಲ.

ಹೋಗುವಂತಾದದ್ದು ಅವಳ ಸೀಟು. ಮೈಸೂರಿನ ಒಂದು ಕಚೇರಿಯಲ್ಲಿ ಅವಳದ್ದು ಪತ್ರಗಳ ಕೆಲಸ. ಬಂದ ಪತ್ರ ಓದಿ, ಅದಕ್ಕೆ ಉತ್ತರ ಸಿದ್ಧಮಾಡಿ, ಮೇಲಿನವರ ಸಹಿಗೆ ಕಳಿಸುವುದು. ಯಾವ ಪತ್ರಕ್ಕೆ ಎಷ್ಟು ಮರ್ಯಾದೆ, ಯಾವುದಕ್ಕೆ ಎಷ್ಟು ಬಿಸಿ ಎಂಬುದು ಅವಳಿಗೆ ಉಪ್ಪು ಹುಳಿಯಷ್ಟು ಗೊತ್ತು. ಆಸ್ಪತ್ರೆ, ರಜೆ ಎಲ್ಲ ಮುಗಿಸಿ ಅವಳು ಮತ್ತೆ ಕಚೇರಿಗೆ ಹೋದಾಗ ಹೊಸ ಅಧಿಕಾರಿ ಬಂದಿದ್ದರು. ಅಕ್ಕನಿಗಿಂತ ವಯಸ್ಸಿನಲ್ಲಿ ಚಿಕ್ಕ ಹೆಂಗಸು, ಒಳ್ಳೆಯವರೇ.

"ತೆಗೆಯೋ ಹಾಗಿಲ್ಲ ಕಣಮ್ಮ, ಕಾನೂನೇ ಇದೆ. ಸಂಬಳಕ್ಕೇನೂ ತೊಂದ್ರೆ ಇಲ್ಲ. ಆರಾಮಾಗಿ ಬಂದು ಕೂತ್ಕೊಂಡು ಹೋಗಿ" ಅಂದರಂತೆ.

"ಎಲ್ಲಿ ಕೂತ್ಕೊಳ್ಳಲಿ ಮೇಡಂ?"

"ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿಸ್ತೀನಿ. ಗಾಳಿ ಚೆನ್ನಾಗಿ ಬರುತ್ತೆ."

ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದಳು. "ಗಾಳಿ ಚೆನ್ನಾಗಿ ಬರುತ್ತಂತೆ! ದೇವರ ಪಟಕ್ಕೂ ಹಂಗೇ ಒಳ್ಳೇ ಜಾಗ ನೋಡಿ ಮೊಳೆ ಹೊಡೀತಾರೆ. ದಿನಾ ಹೂವು ಹಾಕ್ತಾರೆ, ಕೆಲಸ ಮಾತ್ರ ಹೇಳಲ್ಲ."

ಅವಳು ಅಲ್ಲೇ ಇನ್ನೊಂದು ಮಾತು ಹೇಳಿ ಬಂದಿದ್ದಳು. ಮಾತಾಡುವ ಕಂಪ್ಯೂಟರ್ ಇದ್ದರೆ ತನ್ನ ಕೆಲಸ ತಾನೇ ಮಾಡಿ ತೋರಿಸುತ್ತೇನೆ ಎಂದು. ಅಧಿಕಾರಿ ಇಲ್ಲ ಅನ್ನಲಿಲ್ಲ. ಒಂದು ಸೋಮವಾರ ಗೊತ್ತುಮಾಡಿದರು. ಅವತ್ತು ತಮ್ಮ ಮುಂದೆ ಒಂದು ಪತ್ರ ಓದಿಸಿ ಉತ್ತರ ಬರೆದರೆ ಸೀಟು ಅಕ್ಕನದು, ಆಗದಿದ್ದರೆ ಕಿಟಕಿ ಪಕ್ಕದ ಕುರ್ಚಿ. ಹೊಸ ಯಂತ್ರಕ್ಕೆ ಮಂಜೂರಾತಿ ಬರುವಷ್ಟರಲ್ಲಿ ಅಕ್ಕ ನಿವೃತ್ತಳಾಗಿರುತ್ತಾಳೆ. ಆದ್ದರಿಂದ ಮೂಲೆಯಲ್ಲಿದ್ದ ಒಂದು ಹಳೆಯ, ಸಣ್ಣ ಪೆಟ್ಟಿಗೆಯಂಥ ಕಂಪ್ಯೂಟರನ್ನೇ ಕೊಟ್ಟು, ಸೋಮವಾರದವರೆಗೆ ಮನೆಗೆ ಒಯ್ಯಲು ಬಿಟ್ಟರು.

"ನನ್ನ ತಂಗಿ ಇದೇ ಕೆಲಸದಲ್ಲಿರೋದು, ಅವಳು ಮಾಡ್ತಾಳೆ" ಎಂದು ಅಕ್ಕ ಹೇಳಿ ಬಂದಿದ್ದಳು.

ನಾನು ಮೇಟಗಳ್ಳಿಯ ಒಂದು ಸಣ್ಣ ಘಟಕದಲ್ಲಿದ್ದೇನೆ. ಬಾಟಲಿಗಳಿಗೆ ಮುಚ್ಚಳ ಬಿಗಿಯುವ ಯಂತ್ರಗಳನ್ನು ನಡೆಸುವ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತೇವೆ. ಪೆಟ್ಟಿಗೆಯೊಳಗೆ ಪುಟ್ಟ ಕಂಪ್ಯೂಟರು, ಅದರೊಳಗೆ ಕರ್ನಲ್. ಕರೆಂಟು ಬಂದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಮಿಕ್ಕವರನ್ನು ಒಬ್ಬೊಬ್ಬರಾಗಿ ಎಬ್ಬಿಸುವುದು ಈ ಕರ್ನಲ್ಲಿನ ಕೆಲಸ. ಕಾರ್ಖಾನೆಗಳಲ್ಲಿ ಕರೆಂಟು ಯಾವಾಗ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಹೋದಾಗಲೆಲ್ಲ ಡಿಸ್ಕಿನ ಮೇಲಿನ ಕಡತಗಳಿಗೆ ಪೆಟ್ಟು ಬೀಳುತ್ತದೆ. ಅದಕ್ಕಾಗಿ ನಮ್ಮಲ್ಲೊಂದು ರೂಢಿ ಬೆಳೆದಿದೆ: ಏನನ್ನೂ ಡಿಸ್ಕಿನ ಮೇಲೆ ಬಿಡಿಬಿಡಿಯಾಗಿ ಇಡುವುದಿಲ್ಲ, ಬೇಕಾದ್ದನ್ನೆಲ್ಲ ಕರ್ನಲ್ಲಿನೊಳಗೇ ಸೇರಿಸಿ ಒಂದಾಗಿ ಕಟ್ಟಿಬಿಡುತ್ತೇವೆ. ಅದನ್ನು ನಾವು 'ಮುದ್ದೆ' ಅನ್ನುತ್ತೇವೆ. "ಮುದ್ದೆ ಆಯ್ತಾ?" "ಆಯ್ತು ಕಣೋ, ಬಿಸಿ ಇದೆ, ನೋಡ್ಕೊಂಡು ತಗೋ." ಬಾಗಿಲಲ್ಲಿ ನಿಂತವರು ಇದು ಅಡುಗೆಮನೆ ಎಂದೇ ತಿಳಿಯಬೇಕು.

ಅಕ್ಕನ ಪೆಟ್ಟಿಗೆಗೂ ಮುದ್ದೆಯನ್ನೇ ಕಟ್ಟಿದೆ. ಎಲ್ಲರೂ ಬಳಸುವ ಸಿದ್ಧ ವ್ಯವಸ್ಥೆ ಆ ಹಳೆಯ ಪೆಟ್ಟಿಗೆಗೆ ಭಾರವಾಗಿತ್ತು. ಎದ್ದು ಮಾತಾಡುವ ಹೊತ್ತಿಗೆ ಕಾಫಿ ಕಾಸಿ ಕುಡಿದು ಲೋಟ ತೊಳೆದಿಡಬಹುದು. ನಾನು ಹಗುರಾಗಿ, ಬೇಕಾದ್ದಷ್ಟೇ ಇಟ್ಟು, ಕನ್ನಡ ಓದುವ ದನಿಯನ್ನು ಸೇರಿಸಿ ಕಟ್ಟಿದೆ. ನನ್ನ ಪರದೆಯ ಮೇಲೆ ಎಲ್ಲ ಚೆನ್ನಾಗಿ ಎದ್ದಿತು.

ಮಾತು ಮಾತ್ರ ಇಲ್ಲ.

ನಮ್ಮ ಮನೆಯಲ್ಲಿ ಮೌನ ಎಂದರೆ ಏನೆಂದು ಇಲ್ಲಿ ಹೇಳಬೇಕು. ಬೋಗಾದಿಯಲ್ಲಿ ಅಕ್ಕ ಭಾವ ಕೆಳಗೆ, ನಾನು ಮಹಡಿಯ ಮೇಲಿನ ಕೋಣೆಯಲ್ಲಿ. ಅಕ್ಕನ ಕಣ್ಣು ಹೋದ ಮೇಲೆ ಮನೆಗೊಂದು ನಿಯಮ ಬಂತು. ಯಾವ ಕೋಣೆಗೆ ಕಾಲಿಟ್ಟರೂ ಏನಾದರೂ ಅನ್ನಬೇಕು. "ನಾನು ಕಣೆ" ಅಂದರೂ ಸಾಕು, ಕೆಮ್ಮಿದರೂ ಸಾಕು. ಕುರ್ಚಿ ಸರಿಸಿದರೆ ಹೇಳಬೇಕು, ಎದ್ದು ಹೋದರೆ ಹೇಳಬೇಕು. ಒಮ್ಮೆ ಭಾವ ಫೋನ್ ನೋಡುತ್ತ ಸುಮ್ಮನೆ ಒಳಗೆ ಬಂದು ನಿಂತಿದ್ದರು. ಅಕ್ಕ ಉಸಿರಿನ ಸದ್ದು ಕೇಳಿ ಚೀರಿ, ಕೈಲಿದ್ದ ಸೌಟು ಬೀಸಿದ್ದಳು. ಅವರ ಹಣೆಯ ಮೇಲೆ ಸಾರಿನ ಗುರುತು ಸಂಜೆಯವರೆಗೂ ಇತ್ತು.

ಅಂಥ ಮನೆಗೆ ಮಾತಾಡದ ಪೆಟ್ಟಿಗೆ ಬಂದು ಕೂತಿತು. ಅಕ್ಕ ಗುಂಡಿ ಒತ್ತುತ್ತಾಳೆ. ಕಾಯುತ್ತಾಳೆ. ಅದರ ಮೇಲೊಂದು ಹಸಿರು ದೀಪ ಉರಿಯುತ್ತದೆ, ಅದು ನನಗೆ ಕಾಣುತ್ತದೆ, ಅವಳಿಗೆ ಇಲ್ಲ. ಒತ್ತಿದ್ದು ಸರಿಯಾಗಿ ಬೀಳಲಿಲ್ಲವೇನೋ ಎಂದು ಮತ್ತೆ ಒತ್ತುತ್ತಾಳೆ. ಎರಡನೆಯ ಒತ್ತಿಗೆ ಪೆಟ್ಟಿಗೆ ಆರಿಹೋಗುತ್ತದೆ. ಅದೂ ಅವಳಿಗೆ ತಿಳಿಯುವುದಿಲ್ಲ. ಆರಿದ ಪೆಟ್ಟಿಗೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರೋ ದೊಡ್ಡವರು ಬರುತ್ತಾರೆ ಎಂಬಂತೆ ಕೂತಿರುತ್ತಾಳೆ.

"ಇದ್ದೀಯೋ ಸತ್ತಿದ್ದೀಯೋ ಹೇಳಪ್ಪ" ಎಂದು ಪೆಟ್ಟಿಗೆಯ ನೆತ್ತಿ ತಟ್ಟಿದಳು ಒಂದು ಸಲ.

ಭಾವ ಸೆಂಟ್ರಿಂಗ್ ಹಲಗೆ, ಜಾಕು ಬಾಡಿಗೆಗೆ ಕೊಡುವವರು. ಬೋಗಾದಿಯಲ್ಲಿ ಮನೆ ಕಟ್ಟದ ಸೈಟಿಲ್ಲ, ಅವರಿಗೆ ಬಿಡುವಿಲ್ಲ, ಆದರೂ ನನ್ನನ್ನು ಕಾಡಿಸಲು ಮಾತ್ರ ಪುರುಸೊತ್ತು ಸಿಗುತ್ತಿತ್ತು. "ಏನಮ್ಮ ನಾದಿನಿ, ಜೇಬಲ್ಲಿರೋ ಫೋನು ಬೇಡ ಅಂದ್ರೂ ಮಾತಾಡುತ್ತೆ. ಇಷ್ಟು ದಪ್ಪ ಡಬ್ಬ ಬಾಯೇ ಬಿಡಲ್ವಲ್ಲ? ನೀನು ಓದಿದ್ದು ಇದೇನಾ?"

"ಭಾವ, ನಿಮ್ಮ ಹಲಗೆ ಮಾತಾಡುತ್ತಾ?"

"ನನ್ ಹಲಗೆ ಮೇಲೆ ಯಾರೂ ನೌಕರಿ ಕಟ್ಕೊಂಡಿಲ್ಲಮ್ಮ."

ಈ ಮಾತು ತಮಾಷೆಗೆಂದೇ ಬಂದದ್ದು. ನಾನು ಮತ್ತೆ ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ ಕಿರುಚುತ್ತಿತ್ತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಆ ಪೆಟ್ಟಿಗೆಯ ಸೌಂಡ್ ಚಿಪ್ಪು ಹುಟ್ಟು ಮೂಗ. ಕರೆಂಟು ಬಂದಾಗಲೆಲ್ಲ ಅದಕ್ಕೆ ಹೊಸದಾಗಿ ಮಾತು ಕಲಿಸಬೇಕು. ಕಲಿಸುವ ಪಾಠವನ್ನು ಚಿಪ್ಪು ಮಾಡಿದವರೇ ಬರೆದು ಕೊಟ್ಟಿರುತ್ತಾರೆ, ಅದರ ಹೆಸರು ಫರ್ಮ್‌ವೇರ್. ಅದು ಡಿಸ್ಕಿನ ಮೇಲೆ ಒಂದು ಕಡತವಾಗಿ ಕೂತಿರುತ್ತದೆ. ನನ್ನ ಕರ್ನಲ್ ಎದ್ದ ತಕ್ಷಣ ಚಿಪ್ಪನ್ನು ಎಬ್ಬಿಸುತ್ತಿತ್ತು, ಪಾಠ ಎಲ್ಲಿ ಎಂದು ಹುಡುಕುತ್ತಿತ್ತು. ಆಗ ಡಿಸ್ಕಿನ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಪಾಠ ಇಲ್ಲ ಎಂದು ಒಂದು ಸಾಲು ಬರೆದಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಿತ್ತು. ಕ್ಷಣ ಬಿಟ್ಟು ಡಿಸ್ಕು ತೆರೆಯುತ್ತದೆ, ಪಾಠ ಅಲ್ಲೇ ಇರುತ್ತದೆ, ಆದರೆ ಕರ್ನಲ್ ತಿರುಗಿ ನೋಡುವುದಿಲ್ಲ.

ಇದಕ್ಕೆ ನಮ್ಮ ಘಟಕದವರಿಗೆ ತಿಳಿದ ಮದ್ದು ಒಂದೇ: ಪಾಠವನ್ನೂ ಮುದ್ದೆಯೊಳಗೆ ಕಟ್ಟುವುದು. ಕರ್ನಲ್ ಕಟ್ಟುವ ಮೊದಲು, ಯಾವ ಫರ್ಮ್‌ವೇರ್ ಕಡತ, ಅದು ಎಲ್ಲಿದೆ ಎಂದು ಎರಡು ಸಾಲು ಸೇರಿಸಬೇಕು. ಆಮೇಲೆ ಅದು ಕಡತವಲ್ಲ, ಕರ್ನಲ್ಲಿನ ಮೈಯ ಭಾಗ. ಎಲ್ಲೂ ಹೋಗಿ ತರಬೇಕಾಗಿಲ್ಲ.

ಹಾಗೆ ಕಟ್ಟಿದೆ. ಅಕ್ಕ ಗುಂಡಿ ಒತ್ತಿದಳು. ಪೆಟ್ಟಿಗೆ ಮಾತಾಡಿತು.

ಆ ಗಳಿಗೆಯ ನೆನಪು ನನ್ನಲ್ಲಿ ಹೀಗಿದೆ: ಅಕ್ಕ ಅತ್ತಳು, ಅಡುಗೆಮನೆಯಲ್ಲಿ ಉಪ್ಪಿಟ್ಟು ಸೀದ ವಾಸನೆ, ಟೈಲ್ಸ್ ಯಂತ್ರ ಒಮ್ಮೆಲೇ ನಿಂತು ಎಲ್ಲ ಕಡೆ ನಿಶ್ಶಬ್ದ.

ಅಕ್ಕ: "ನಾನೆಲ್ಲಿ ಅತ್ತೆ? 'ಇದ್ಯಾಕೆ ಮೂಗು ಕಟ್ಟಿದೋರ ಥರ ಮಾತಾಡುತ್ತೆ' ಅಂದೆ. ಉಪ್ಪಿಟ್ಟು ಸೀದಿದ್ದು ಬೇರೆ ಯಾವತ್ತೋ. ಟೈಲ್ಸ್‌ನೋರು ಊಟಕ್ಕೆ ಹೋಗಿದ್ರು, ಅಷ್ಟೇ."

ಅವಳು ಹೇಳಿದ್ದೇ ನಿಜವಿರಬೇಕು. ನನಗೆ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಬರುವುದು ಅಳುವ ಅಕ್ಕನೇ.

ಮೂಗು ಕಟ್ಟಿದ್ದಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಚಿಪ್ಪು ನಿದ್ದೆಗೆ ಜಾರುತ್ತಿತ್ತು. ಮತ್ತೆ ಮಾತು ಬಂದಾಗ ಅದು ಎದ್ದು ಸಾವರಿಸಿಕೊಳ್ಳುವಷ್ಟರಲ್ಲಿ ವಾಕ್ಯದ ತಲೆ ಹಾರಿಹೋಗಿರುತ್ತಿತ್ತು. 'ಮಾನ್ಯರೇ' ಅನ್ನಬೇಕಾದದ್ದು 'ನ್ಯರೇ' ಎಂದು ಬರುತ್ತಿತ್ತು. ಭಾವ ಎರಡು ದಿನ ನನ್ನನ್ನು "ನ್ಯರೇ, ಊಟಕ್ಕೆ ಬನ್ನಿ" ಎಂದೇ ಕರೆದರು. ಅಕ್ಕ ನಗಲಿಲ್ಲ. ಅವಳ ಪತ್ರಗಳ ತುಂಬ ಸಂಖ್ಯೆಗಳು. ತಲೆ ಹಾರಿದ ಒಂದು ಸಂಖ್ಯೆಯನ್ನು ನಂಬಿ ಉತ್ತರ ಬರೆದರೆ ಅಷ್ಟು ಸಾಕು, ಕುರ್ಚಿ ಕಿಟಕಿಯ ಪಕ್ಕಕ್ಕೆ ಹೋಗುತ್ತದೆ.

"ಕಣ್ಣಿಲ್ಲದೋಳು ತಪ್ಪು ಮಾಡಿದ್ರೆ ತಪ್ಪು ಅನ್ನಲ್ಲ ಕಣೇ, ಪಾಪ ಅಂತಾರೆ. ಅದು ಬೇಡ ನಂಗೆ."

ಹೊಸ ಫರ್ಮ್‌ವೇರ್‌ನಲ್ಲಿ ಈ ತೊಂದರೆ ಸರಿಮಾಡಿದ್ದಾರೆ ಎಂದು ಓದಿ, ಅದನ್ನು ತರಿಸಿ ಡಿಸ್ಕಿನ ಮೇಲೆ ಹಳೆಯದರ ಜಾಗದಲ್ಲಿ ಹಾಕಿದೆ. ಗುಂಡಿ ಒತ್ತಿದೆವು. ನ್ಯರೇ. ಸರಿಯಾಗಿ ಹಾಕಿಲ್ಲವೇನೋ ಎಂದು ಮತ್ತೆ ಹಾಕಿದೆ. ನ್ಯರೇ. ಅದಕ್ಕೂ ಹೊಸದಿದೆಯೇ ನೋಡಿ ಅದನ್ನು ಹಾಕಿದೆ. ದನಿಯ ವೇಗ ಬದಲಿಸಿದೆ, ಓದುವ ತಂತ್ರಾಂಶ ಬದಲಿಸಿದೆ, ಸ್ಪೀಕರಿನ ತಂತಿಯನ್ನೂ ಬದಲಿಸಿದೆ. ನ್ಯರೇ, ನ್ಯರೇ, ನ್ಯರೇ. ಮೇಟಗಳ್ಳಿಯಲ್ಲಿ ಕೆಲಸದ ಮಧ್ಯೆ ಅಕ್ಕನ ಪೆಟ್ಟಿಗೆಯೇ ತಲೆಯಲ್ಲಿ. ಕೆಆರ್‌ಎಸ್ ರಸ್ತೆಯ ಬಸ್ಸಿನಲ್ಲಿ ನಿಂತು ಬರುವಾಗ ಕಂಡಕ್ಟರ್ "ಟಿಕೆಟ್" ಅಂದರೆ ಮೊದಲ ಅಕ್ಷರ ನುಂಗಿ ಹೋದಂತೆ ಕೇಳಿಸುತ್ತಿತ್ತು. ಕೇಳಿಸುತ್ತಿತ್ತೇ? ಇದು ಆಮೇಲೆ ಸೇರಿಕೊಂಡದ್ದಿರಬಹುದು. ಆದರೆ ಬಸ್ಸಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದದ್ದು ನಿಜ. ಒಂದು ಸಲ ಒಬ್ಬ ಅಜ್ಜಿ, "ಮೈ ಸರಿ ಇಲ್ವೇನವ್ವ? ಕೂತ್ಕೊ ಬಾ" ಎಂದು ಜಾಗ ಬಿಟ್ಟುಕೊಟ್ಟರು.

ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವಾಗ, ಹೊಳೆಯಿತು.

ಪಾಠ ಮುದ್ದೆಯೊಳಗಿದೆ. ಚಿಪ್ಪು ಪಾಠ ಕೇಳಿದ ಕೂಡಲೇ ಕರ್ನಲ್ ಮೊದಲು ತನ್ನ ಮೈಯೊಳಗೆ ನೋಡಿಕೊಳ್ಳುತ್ತದೆ. ಅಲ್ಲಿ ಸಿಕ್ಕಿದರೆ ಹೊರಗೆ ಹುಡುಕುವ ಮಾತೇ ಇಲ್ಲ. ನಾನು ಡಿಸ್ಕಿನ ಮೇಲೆ ಎಷ್ಟು ಹೊಸ ಪಾಠ ತಂದು ಸುರಿದರೂ ಯಾರೂ ಅದನ್ನು ತೆರೆದೇ ಇರಲಿಲ್ಲ. ಮೊದಲ ದಿನ ಕಟ್ಟಿದ ಹಳೆಯದೇ ಪ್ರತಿ ಸಲ ಓದಿಸಿಕೊಳ್ಳುತ್ತಿತ್ತು. ನಮ್ಮ ಘಟಕದಲ್ಲಿ ಈ ತಪ್ಪು ಆಗುವುದಿಲ್ಲ. ಅಲ್ಲಿನ ಪೆಟ್ಟಿಗೆಗಳ ಡಿಸ್ಕಿನ ಮೇಲೆ ಬದಲಾಯಿಸುವುದಕ್ಕೆ ಏನೂ ಇರುವುದಿಲ್ಲ. ಇಲ್ಲಿ ಅರ್ಧ ನಮ್ಮ ರೂಢಿ, ಅರ್ಧ ಎಲ್ಲರ ರೂಢಿ ಬೆರೆಸಿ, ಎರಡರ ನಡುವೆ ನಾನೇ ಬಿದ್ದಿದ್ದೆ.

ಅಳುವ ಅಕ್ಕ ನನ್ನೊಳಗೆ ಕಟ್ಟಿಹೋಗಿರುವುದೂ ಹೀಗೆಯೇ ಎಂದು ಬರೆಯಲು ಕೈ ಮುಂದಾಗುತ್ತದೆ. ಇಷ್ಟು ಸಲೀಸಾಗಿ ಬರುವ ಹೋಲಿಕೆಯನ್ನು ನಾನು ನಂಬಲಾರೆ. ಬಿಟ್ಟಿದ್ದೇನೆ.

ವಿಷಯ ಕೇಳಿ ಭಾವ ಹಣೆ ಚಚ್ಚಿಕೊಂಡರು. "ಅಲ್ಲಮ್ಮ, ಹಳೇ ಪೈಪಿಟ್ಟು ಕಾಂಕ್ರೀಟ್ ಹಾಕ್ಬುಟ್ಟು, ಗೋಡೆ ಮುಂದೆ ಹೊಸ ಪೈಪ್ ತಂದು ಒರಗ್ಸಿ ನಲ್ಲಿ ತಿರುಗಿಸ್ತಾ ಕೂತಿದ್ದೀಯಲ್ಲ!"

"ಹೌದು ಭಾವ. ಈಗ ಗೋಡೆ ಒಡೀಬೇಕು."

"ನಾಳೆ ಗೃಹಪ್ರವೇಶ ಇಟ್ಕೊಂಡು ಇವತ್ತು ಒಡೀತೀಯಾ?"

ಇಡೀ ಕರ್ನಲನ್ನು ಹೊಸ ಪಾಠದೊಂದಿಗೆ ಮತ್ತೆ ಕಟ್ಟಬೇಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಅರ್ಧ ದಿನದ ಕೆಲಸ. ಶುರುಮಾಡಿದ ಸ್ವಲ್ಪ ಹೊತ್ತಿಗೇ ಬಡಾವಣೆಯ ಕರೆಂಟು ಹೋಯಿತು. ಲೈನ್ ಕೆಲಸವಂತೆ, ಸಂಜೆಗೆ ಬರುತ್ತದಂತೆ. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ದಾರಿಯಲ್ಲೇ ಸತ್ತಿತು. ಭಾವ ಯಾರದೋ ಸೈಟಿನಿಂದ ಜನರೇಟರ್ ತರುತ್ತೇನೆ ಎಂದು ಹೊರಟವರು ಬರಿಗೈಯಲ್ಲಿ ಬಂದರು. ಅದರ ಮಾಲೀಕ ಮದುವೆಗೆ ಹೋಗಿದ್ದ. ಅಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳ ಬೆರಳುಗಳು ಎಂದಿನಂತೆ ನಡೆಯುತ್ತಿದ್ದವು, ಆದರೆ ದಂಟನ್ನು ಎಲೆಯ ಪಾತ್ರೆಗೂ ಎಲೆಯನ್ನು ಕಸಕ್ಕೂ ಹಾಕುತ್ತಿದ್ದಳು. ನಾನು ಹೇಳಲಿಲ್ಲ.

ಅಕ್ಕ: "ನಂಗೊತ್ತಾಯ್ತು. ನಾನೂ ಹೇಳ್ಲಿಲ್ಲ."

ಕರೆಂಟು ಬಂದು, ಮುದ್ದೆ ಕಟ್ಟಿ ಮುಗಿದಾಗ ನಡುರಾತ್ರಿ ಹತ್ತಿರವಾಗಿತ್ತು. ಹೊಸ ಕರ್ನಲ್ ಹಾಕಿ ಗುಂಡಿ ಒತ್ತಿದರೆ ಪೆಟ್ಟಿಗೆ ಸ್ಪಷ್ಟವಾಗಿ "ಮಾನ್ಯರೇ" ಅಂದಿತು. ಮೂಗು ಕೂಡ ಬಿಟ್ಟಿತ್ತು. ಮತ್ತೊಮ್ಮೆ ಆರಿಸಿ ಹೊತ್ತಿಸಿದೆವು. ಆಗ ಮಾತು ಬರಲಿಲ್ಲ. ಮೂರನೆಯ ಸಲ ಮತ್ತೆ ಬಂತು. ಆಮೇಲೆ ಎಷ್ಟು ಸಲ ಮಾಡಿದರೂ ಬಂತು. ನಡುವೆ ಆ ಒಂದು ಸಲ ಯಾಕೆ ಬರಲಿಲ್ಲ ಎಂದು ತಿಳಿಯಲಿಲ್ಲ.

ಅಕ್ಕ ಕೈ ಒರೆಸಿಕೊಂಡು ಎದ್ದಳು. "ನಾಳೆಗೆ ಹಳೇದೇ ಇರ್ಲಿ."

"ಅಕ್ಕಾ, ಅದು ತಲೆ ನುಂಗುತ್ತೆ."

"ನುಂಗ್ಲಿ. ಅದು ಹೆಂಗೆ ಕೈಕೊಡುತ್ತೆ ಅಂತ ನಂಗೆ ಬಾಯಿಪಾಠ ಆಗಿದೆ. ಹೊಸದು ಹೆಂಗೆ ಕೈಕೊಡುತ್ತೋ ನಿಂಗೇ ಗೊತ್ತಿಲ್ಲ. ನಾನು ಮೊದ್ಲು ಒಂದು ಖಾಲಿ ಸಾಲು ಓದಿಸ್ತೀನಿ, ಅದರ ತಲೆ ಹೋಗ್ಲಿ. ಚಿಪ್ಪು ಎದ್ಮೇಲೆ ಬೇಕಾದ್ ಸಾಲಿಗೆ ಹೋಗ್ತೀನಿ. ಒಂದ್ ವಾರದಿಂದ ಹಂಗೇ ಮಾಡ್ತಿದೀನಿ, ನೀನು ಗಮನಿಸಿಲ್ಲ."

ನಾನು ವಾದ ಮಾಡಿದೆ. ಹೊಸದೇ ಸರಿ, ಒಂದು ಸಲದ ಮೌನ ನನ್ನ ಕೈತಪ್ಪಿರಬಹುದು ಎಂದೆ. ಅವಳು ಬಗ್ಗಲಿಲ್ಲ. ಕೊನೆಗೆ ಎರಡೂ ಮುದ್ದೆಗಳನ್ನು ಪೆಟ್ಟಿಗೆಯಲ್ಲಿ ಇರಿಸಿ, ಸುಮ್ಮನೆ ಗುಂಡಿ ಒತ್ತಿದರೆ ಹಳೆಯದೇ ಏಳುವಂತೆ ಮಾಡಿದೆ. ಮುಂದೆಂದಾದರೂ ಹೊಸದನ್ನು ಮುಂದಿಟ್ಟರೂ, ಏಳುವಾಗ ಕೀಬೋರ್ಡಿನ ಒಂದು ಕೀಲಿ ಒತ್ತಿ ಹಿಡಿದರೆ ಹಳೆಯದು ಬರಬೇಕೆಂದು ಅವಳೇ ಹೇಳಿ ಮಾಡಿಸಿಕೊಂಡಳು.

ಸೋಮವಾರ ಅಧಿಕಾರಿಯ ಕೋಣೆಯಲ್ಲಿ ನಾನು ಬಾಗಿಲ ಬಳಿ ನಿಂತೆ. ಅಕ್ಕನ ಪಕ್ಕದಲ್ಲಿ ಆ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರು, ಕೈಕಟ್ಟಿಕೊಂಡು. ಅಕ್ಕ ಗುಂಡಿ ಒತ್ತಿದಳು. ಪೆಟ್ಟಿಗೆ ಏಳುವವರೆಗಿನ ಆ ಹೊತ್ತಿನಲ್ಲಿ ಫ್ಯಾನು ಕಿರ್ ಎನ್ನುತ್ತಿತ್ತು. ಅಕ್ಕನ ಬೆರಳು ಗುಂಡಿಯ ಹತ್ತಿರ ಮತ್ತೆ ಹೋದದ್ದು ಕಂಡೆ. ಒತ್ತಬೇಡ, ಒತ್ತಬೇಡ ಎಂದು ನನ್ನ ನಾಲಿಗೆಯ ತುದಿಯಲ್ಲಿ. ಬೆರಳು ಅಲ್ಲೇ ನಿಂತು, ಹಿಂದಕ್ಕೆ ಬಂತು. ಪೆಟ್ಟಿಗೆ ಮೂಗಿನಲ್ಲೇ ಮಾತಾಡಿತು.

ಅಧಿಕಾರಿ ಪೆನ್‌ಡ್ರೈವಿನಲ್ಲಿ ಕೊಟ್ಟ ಪತ್ರ ತೆರೆದಳು. ಖಾಲಿ ಸಾಲು, ಆಮೇಲೆ ವಿಷಯ. ಒಂದು ಕಡೆ ಸಂಖ್ಯೆಯ ತಲೆ ಹಾರಿತು. ಅಕ್ಕ ಅವಸರ ಮಾಡದೆ ಹಿಂದಿನ ಸಾಲಿಗೆ ಹೋಗಿ, ಮತ್ತೆ ಬಂದು, ಅಂಕಿ ಅಂಕಿಯಾಗಿ ಬಿಡಿಸಿ ಕೇಳಿದಳು. ಉತ್ತರ ಟೈಪ್ ಮಾಡಿದಳು. ಅಧಿಕಾರಿ ಬಗ್ಗಿ ಪರದೆ ಓದಿದರು.

"ಇದೇನಮ್ಮ, 'ತಮ್ಮ ಗಮನಕ್ಕೆ ತರಬಯಸುತ್ತೇನೆ' ಅನ್ನೋದು ತೆಗೆದುಬಿಟ್ಟಿದ್ದೀರಲ್ಲ?"

"ಅವರು ಮೂರನೇ ಸಲ ಅದೇ ಕೇಳ್ತಿರೋದು ಮೇಡಂ. ಗಮನಕ್ಕೆ ತಂದಾಗಿದೆ. ಈಗ ಗದರಿಸ್ಬೇಕು."

ಅಧಿಕಾರಿ ನಕ್ಕರು.

ಕಂಪ್ಯೂಟರಿನವರು ಕೈ ಬಿಚ್ಚಿದರು. "ಎಲ್ಲ ಸರಿ ಮೇಡಂ. ಇದು ಅಂಗಡೀಲಿ ಸಿಗೋ ವ್ಯವಸ್ಥೆ ಅಲ್ಲ, ಇವರ ತಂಗಿ ಕೈಯಾರೆ ಕಟ್ಟಿರೋದು. ನಾಳೆ ಏನಾದ್ರೂ ಕೆಟ್ರೆ? ಒಳಗೆ ಒಂದು ಸಾಲು ಬದಲಾಯಿಸ್ಬೇಕು ಅಂದ್ರೂ ಇಡೀದು ಮತ್ತೆ ಕಟ್ಬೇಕು. ನಂಗೆ ಬರಲ್ಲ. ಹೊರಗಿನವರು ಕಚೇರಿ ಯಂತ್ರ ಮುಟ್ಟೋ ಹಾಗಿಲ್ಲ."

ಅವರದು ಕುಹಕವಲ್ಲ, ಸರಿಯಾದ ಪ್ರಶ್ನೆ. ಇಷ್ಟು ದಿನ ನಾನು ಕಟ್ಟಿದ್ದು ಅಕ್ಕನ ಸೀಟನ್ನಲ್ಲ, ಅಕ್ಕನನ್ನು ನನಗೆ. ನಾನು ಜ್ವರ ಬಂದು ಮಲಗಿದರೆ, ಬಸ್ಸಿನಿಂದ ಬಿದ್ದರೆ, ಅವಳು ಕಿಟಕಿಯ ಪಕ್ಕಕ್ಕೆ ಹೋಗುತ್ತಾಳೆ.

"ಯಾರು ನೋಡ್ಕೋತಾರಮ್ಮ?" ಎಂದರು ಅಧಿಕಾರಿ.

"ನಾನೇ" ಅಂದಳು ಅಕ್ಕ.

"ನಿಮಗೆ ಬರುತ್ತಾ?"

"ಬರುತ್ತೆ ಮೇಡಂ."

ಬರುತ್ತಿರಲಿಲ್ಲ. ಒಂದಕ್ಷರವೂ ಬರುತ್ತಿರಲಿಲ್ಲ.

"ಸರಿ. ಸದ್ಯಕ್ಕೆ ಸೀಟಲ್ಲಿ ಕೂತ್ಕೊಳ್ಳಿ. ಮಳೆಗಾಲ ಕಳೀಲಿ, ಮತ್ತೆ ನೋಡೋಣ. ಅಷ್ಟರಲ್ಲಿ ಇದು ಈ ಥರ ಮೂಗಲ್ಲಿ ಮಾತಾಡೋದು, ಅಕ್ಷರ ನುಂಗೋದು ನಿಲ್ಬೇಕು. ನಿಮ್ಮ ತಂಗಿ ಮಾತ್ರ ಬರೋ ಹಾಗಿಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಅಕ್ಕ ನನ್ನ ತೋಳು ಹಿಡಿದಳು.

"ಯಾಕಕ್ಕ ಹಂಗಂದ್ಬುಟ್ಟೆ?"

"ಇನ್ನೇನು ಅನ್ಲಿ? ಇವತ್ತಿಂದ ಕಲಿಸು."

ಕಲಿಸತೊಡಗಿದೆ. ಪೆಟ್ಟಿಗೆಯಲ್ಲಿ ನಾನು ಕಟ್ಟಿಟ್ಟಿದ್ದ ಹೊಸ ಮುದ್ದೆ ಅವಳಿಗೆ ಬೇಡವಂತೆ, ತಾನೇ ಕಟ್ಟಿದ್ದೇ ಆಗಬೇಕಂತೆ. ಸಂಜೆ ಕಚೇರಿಯಿಂದ ಬಂದು ನನ್ನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ. ಕರ್ನಲ್ ಕಟ್ಟುವಾಗ ಪರದೆಯ ಮೇಲೆ ಸಾಲುಗಳು ಹರಿಯುತ್ತವೆ. ನಾವು ಅವನ್ನು ಓದುವುದೇ ಇಲ್ಲ, ಕೊನೆಯಲ್ಲಿ ತಪ್ಪಿದೆಯೇ ಎಂದಷ್ಟೇ ನೋಡುತ್ತೇವೆ. ಅಕ್ಕ ಎಲ್ಲವನ್ನೂ ಓದಿಸಿ ಕೇಳುತ್ತಾಳೆ. ನನಗೆ ಗುಯ್ ಎನ್ನುವ ಸದ್ದಷ್ಟೇ ಕೇಳುವ ವೇಗದ ದನಿಯಲ್ಲಿ. ನಾನು ಕಲಿಸುವುದರಲ್ಲಿ ಕೆಟ್ಟವಳು. ಅವಳು ತಡವರಿಸಿದ ಕೂಡಲೇ ನನ್ನ ಕೈ ಕೀಬೋರ್ಡಿಗೆ ಹೋಗುತ್ತದೆ. ಅವಳು ಮಣಿಕಟ್ಟಿನ ಮೇಲೆ ಹೊಡೆಯುತ್ತಾಳೆ.

"ಮುಟ್ಬೇಡ ಅಂದ್ರೆ ಮುಟ್ಬೇಡ. ಅಲ್ಲಿ ನಿನ್ ಕೈ ಇರಲ್ಲ."

ಪೆಟ್ಟಿಗೆ ಕಚೇರಿಯಲ್ಲಿದೆ. ಮನೆಯಲ್ಲಿ ಪರೀಕ್ಷಿಸಲು ಅಂಥ ಚಿಪ್ಪಿಲ್ಲ. ಅವಳು ಇಲ್ಲಿ ಕಟ್ಟಿದ ಮುದ್ದೆಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿ ಒಬ್ಬಳೇ ಹಾಕಿ ನೋಡಬೇಕು. ಮಾತು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಪೆಟ್ಟಿಗೆ ಅವಳಿಗೆ ಹೇಳಲಾರದು. ಹೇಳಬೇಕಾದ ಬಾಯೇ ಕಟ್ಟಿರುತ್ತದೆ.

ಮೊನ್ನೆ ಅವಳು ತಾನೇ ಮೊದಲಿಂದ ಕೊನೆಯವರೆಗೆ ಕಟ್ಟಿದ್ದನ್ನು ಒಯ್ದಳು. ನಾನು ಮೇಟಗಳ್ಳಿಯಲ್ಲಿ ಒಂದು ಬೋರ್ಡು ಕೈಯಲ್ಲಿ ಹಿಡಿದು ಕೂತಿದ್ದೆ, ಯಾವ ಬೋರ್ಡು ಎಂದು ಈಗ ಕೇಳಿದರೆ ಹೇಳಲಾರೆ. ಪಕ್ಕದ ಮೇಜಿನವನು "ಮುದ್ದೆ ಆಯ್ತೇನಕ್ಕ?" ಎಂದಾಗ ಬೆಚ್ಚಿದೆ. ಮಧ್ಯಾಹ್ನ ಫೋನು ಬಂತು.

"ಮೂಗ ಆಯ್ತು ಕಣೇ."

"ಪೂರ್ತಿನಾ? ಅಂದ್ರೆ ಆ ಎರಡು ಸಾಲಲ್ಲಿ..."

"ಹೇಳ್ಬೇಡ."

"ಅಕ್ಕಾ, ಕೇಳಿಲ್ಲಿ, ಅದು ಬಹುಶಃ..."

"ಹೇಳ್ಬೇಡ ಅಂದ್ನಲ್ಲ. ಯಾರಿಗೂ ಗೊತ್ತಾಗೋಕ್ಮುಂಚೆ ಕೀಲಿ ಒತ್ತಿ ಹಿಡ್ದು ಹಳೇದಕ್ಕೆ ಬಂದ್ಬುಟ್ಟೆ. ಎರಡು ಪತ್ರ ಮುಗಿಸ್ದೆ. ಎಲ್ಲಿ ತಪ್ಪಿದೀನಿ ಅಂತ ನಂಗೆ ಅನುಮಾನ ಇದೆ. ರಾತ್ರಿ ಸೊಪ್ಪಿನ ಸಾರು ನೀನೇ ಮಾಡು, ನಾನು ಲ್ಯಾಪ್‌ಟಾಪ್ ಮುಂದೆ ಕೂತ್ಕೋಬೇಕು."

ಫೋನು ಇಟ್ಟಳು. ತಪ್ಪು ಎಲ್ಲಿರಬಹುದು ಎಂದು ನನಗೆ ಮೂರು ಜಾಗ ಹೊಳೆದಿವೆ. ಮಳೆ ಆಗಲೇ ಶುರುವಾಗಿದೆ. ಸಂಜೆ ಮನೆಗೆ ಹೋಗಿ ಸೊಪ್ಪು ತೊಳೆಯುತ್ತ, ಒಳಗಿನಿಂದ ಬರುತ್ತಿದ್ದ ವೇಗದ ದನಿಯ ಒಂದಕ್ಷರವೂ ಅರ್ಥವಾಗದೆ, ಮೂರನ್ನೂ ಬಾಯೊಳಗೇ ಇಟ್ಟುಕೊಂಡು ನಿಂತಿದ್ದೆ.

ಅಕ್ಕ: "ಆ ಮೂರು ಯಾವ್ದು ಅಂತ ನಂಗೊತ್ತು. ಮೂರೂ ಅಲ್ಲ. ಬೇರೆ."